ಅಂಗ್‌ಕೋರ್ ವಾಟ್: ಅಮ್ಮನ ಜೊತೆ ಮೂರು ದಿನ, ಎರಡು ಸುತ್ತು

ಅಮ್ಮ ಬೇಲೂರಿನವಳು. ಚೆನ್ನಕೇಶವ ಗುಡಿಯ ಜಗತಿಯ ಮೇಲೆ ಆಡಿ ಬೆಳೆದವಳು. "ಕಾಂಬೋಡಿಯಾಗೆ ಹೋಗೋಣ್ವಾ ಅಮ್ಮ?" ಅಂತ ಕೇಳಿದಾಗ ಅವಳು ಮೊದಲು ಕೇಳಿದ್ದು, "ಅಲ್ಲಿ ಕಲ್ಲಿನ ಕೆಲಸ ನಮ್ಮೂರಷ್ಟು ಚೆನ್ನಾಗಿದ್ಯಾ?" ಅಂತ. ನಾನು ಎರಡು ಇಸವಿ ಹೇಳಿದೆ. ಬೇಲೂರಿನ ಗುಡಿಯ ಪ್ರತಿಷ್ಠೆ 1117ರಲ್ಲಿ. ಕಾಂಬೋಡಿಯಾದ ಅಂಗ್‌ಕೋರ್ ವಾಟ್ ಗುಡಿ ಕಟ್ಟಿಸಿದ ರಾಜ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದು 1113ರಲ್ಲಿ. ಇಲ್ಲಿ ವಿಷ್ಣುವರ್ಧನ ವಿಷ್ಣುವಿಗೆ ಗುಡಿ ಕಟ್ಟಿಸುತ್ತಿದ್ದ ಕಾಲಕ್ಕೇ ಅಲ್ಲಿ ಸೂರ್ಯವರ್ಮನೂ ವಿಷ್ಣುವಿಗೇ ಕಟ್ಟಿಸುತ್ತಿದ್ದ. "ಹಂಗಾದ್ರೆ ನೋಡ್ಲೇಬೇಕು ಕಣೇ," ಅಂದಳು. ಟಿಕೆಟ್ ಮಾಡಿಸಿಬಿಟ್ಟೆ.

ಹೋಗಿದ್ದು ಜನವರಿಯಲ್ಲಿ. ನವೆಂಬರಿಂದ ಫೆಬ್ರವರಿವರೆಗೆ ಅಲ್ಲಿ ಮಳೆ ಇಲ್ಲ, ಬಿಸಿಲೂ ತಡೆಯುವಷ್ಟಿರುತ್ತದೆ. ಏಪ್ರಿಲ್‌ನಲ್ಲಿ ಮಾತ್ರ ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಅಂಗ್‌ಕೋರ್ ಪಕ್ಕದ ಊರು ಸಿಯಾಮ್ ರೀಪ್. 2023ರಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಊರಿಂದ 40 ಕಿಲೋಮೀಟರಿಗೂ ಜಾಸ್ತಿ ದೂರ ಇದೆ. ಹಾಗಾಗಿ ಕಾರನ್ನು ಮೊದಲೇ ಹೇಳಿಟ್ಟಿದ್ದೆ. ವೀಸಾ ಇಳಿದ ಮೇಲೆ ಅಲ್ಲೇ ಮಾಡಿಸಿದೆವು, ತಲೆಗೆ 30 ಡಾಲರ್. ಡಾಲರ್ ಅಲ್ಲಿ ಎಲ್ಲಾ ಕಡೆ ನಡೆಯುತ್ತದೆ. ಆದರೆ ನೋಟು ಚೂರು ಹರಿದಿದ್ದರೂ ಯಾರೂ ಮುಟ್ಟುವುದಿಲ್ಲ. ನನ್ನ ಹತ್ತಿರ ಅಂಥ ಎರಡು ನೋಟಿದ್ದವು, ಹಾಗೇ ವಾಪಸ್ ತಂದೆ.

ಅಂಗ್‌ಕೋರ್‌ನ ಗುಡಿಗಳನ್ನು ನೋಡುವ ಪಾಸ್ ವಿಷಯ ಗಮನವಿಟ್ಟು ಯೋಚನೆ ಮಾಡಿ. ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62. ಮೂರು ದಿನದ್ದನ್ನು ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು. ಅಮ್ಮನಿಗೆ ಮಂಡಿನೋವು. ಅದಕ್ಕೆ ಒಂದು ದಿನ ಸುತ್ತಾಟ, ಒಂದು ದಿನ ವಿಶ್ರಾಂತಿ ಅಂತ ಇಟ್ಟುಕೊಂಡೆವು. ಒಂದೇ ದಿನದಲ್ಲಿ ಎಲ್ಲಾ ತೋರಿಸುವ ಪ್ಯಾಕೇಜುಗಳೂ ಸಿಗುತ್ತವೆ. ದಯವಿಟ್ಟು ಅದಕ್ಕೆ ಹೋಗಬೇಡಿ. ಅಷ್ಟು ದೂರ ಹೋಗಿ ಗೋಡೆ ನೋಡದೆ ಬರುವುದು ನನಗಂತೂ ಸಂಕಟದ ವಿಷಯ.

ಮೊದಲ ದಿನ ಬೆಳಿಗ್ಗೆ ಐದಕ್ಕೇ ಅಂಗ್‌ಕೋರ್ ವಾಟ್ ತಲುಪಿದೆವು. ಸುತ್ತ ಸುಮಾರು 190 ಮೀಟರ್ ಅಗಲದ ಕಂದಕ. ಅದನ್ನು ದಾಟಿದರೆ ಪಶ್ಚಿಮದ ಗೋಪುರ. ಅದರೊಳಗೆ ಎಂಟು ಕೈಗಳ ದೊಡ್ಡ ವಿಷ್ಣು ನಿಂತಿದ್ದಾನೆ. ಊರಿನವರು ಅವನನ್ನು ತಾ ರೀಚ್ ಅಂತಾರೆ. ಕೇಸರಿ ಬಟ್ಟೆ ಉಡಿಸಿ ಈಗಲೂ ಪೂಜೆ ಮಾಡುತ್ತಾರೆ. ಕಾಂಬೋಡಿಯಾದವರು ಬೌದ್ಧರು, ಆದರೂ ಅವನನ್ನು ಬಿಟ್ಟಿಲ್ಲ. ಅಲ್ಲಿದ್ದ ಅಜ್ಜಿಯೊಬ್ಬರು ಅಮ್ಮನ ಸೀರೆ ನೋಡಿ ಕೈ ಮುಗಿದರು. ಅಮ್ಮನೂ ಮುಗಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು, ಆದರೂ ಊದುಬತ್ತಿ ಹಚ್ಚಿದ್ದು ಒಟ್ಟಿಗೇ.

ಸೂರ್ಯೋದಯಕ್ಕೆ ಕೊಳದ ಹತ್ತಿರ ಜಾತ್ರೆಯಷ್ಟು ಜನ. ಸೂರ್ಯ ಮೇಲೆ ಬಂದ ಕೂಡಲೇ ಮುಕ್ಕಾಲು ಜನ ತಿಂಡಿಗೆ ಹೋಟೆಲಿಗೆ ಹೊರಟುಬಿಟ್ಟರು. ನಾವು ಮನೆಯಿಂದ ತಂದಿದ್ದ ಅವಲಕ್ಕಿ ತಿಂದು ಅಲ್ಲೇ ಉಳಿದೆವು. ಏಳು ಗಂಟೆಗೆ ಉಬ್ಬುಚಿತ್ರಗಳ ಸಾಲುಮಂಟಪ ಹೆಚ್ಚುಕಮ್ಮಿ ನಮ್ಮದೇ ಆಗಿತ್ತು. ನೀವು ಹೋದರೂ ಈ ಹೊತ್ತು ಬಿಡಬೇಡಿ.

ಅಲ್ಲೇ ನಾವು ತಪ್ಪು ಮಾಡಿದ್ದು. ಅಮ್ಮ ಎಡಕ್ಕೆ ತಿರುಗಿದಳು. "ದೇವ್ರು ಬಲಕ್ಕಿರಬೇಕು ಕಣೇ," ಅಂದಳು. ಗುಡಿ ಅಂದರೆ ಪ್ರದಕ್ಷಿಣೆ ಅಲ್ವಾ? ನಾನೂ ಹಿಂದೆ ಹೋದೆ. ಮೊದಲು ಲಂಕೆಯ ಯುದ್ಧ ಸಿಕ್ಕಿತು. ಹನುಮಂತನ ಹೆಗಲ ಮೇಲೆ ನಿಂತ ರಾಮ, ಹತ್ತು ತಲೆಯ ರಾವಣ. ಅದು ಸೊಗಸಾಗಿತ್ತು. ಆಮೇಲೆ ಉತ್ತರದ ಗೋಡೆ ಸಪ್ಪೆ ಅನ್ನಿಸಿತು. ಅದರ ಒಂದಷ್ಟು ಭಾಗ ಕೆತ್ತಿದ್ದು 16ನೇ ಶತಮಾನದಲ್ಲಿ, ಕೈ ಬೇರೆ. ಪೂರ್ವದ ಗೋಡೆಯ ಸಮುದ್ರಮಥನದಲ್ಲಿ ದೇವತೆಗಳ ಸಾಲಿನ ಬಾಲದಲ್ಲಿ ನಿಂತ ದೊಡ್ಡ ಕಪಿ ಮೊದಲು ಎದುರಾಯಿತು. ದಕ್ಷಿಣದ ಗೋಡೆಯಲ್ಲಿ ಸೂರ್ಯವರ್ಮನ ಮೆರವಣಿಗೆ. ಆನೆ, ಛತ್ರಿ, ಪದಾತಿ. ಅಲ್ಲಿ ಅಮ್ಮ ನಿಂತಳು.

"ಇವರೆಲ್ಲಾ ನಮಗೆ ಎದುರು ಬರ್ತಿದ್ದಾರಲ್ಲೇ?"

ಹೌದು, ಇಡೀ ಸೈನ್ಯ ನಮ್ಮ ಎದುರಿಗೆ ಬರುತ್ತಿತ್ತು. ನಾವು ಕಥೆಯನ್ನು ಕೊನೆಯಿಂದ ಓದಿಕೊಂಡು ಬಂದಿದ್ದೆವು. ಈ ಗೋಡೆಗಳನ್ನು ಕೆತ್ತಿರುವುದೇ ಅಪ್ರದಕ್ಷಿಣೆಯಾಗಿ, ಸಾವಿನ ಕ್ರಿಯೆಯಲ್ಲಿ ಸುತ್ತುವ ಹಾಗೆ ನಡೆಯುವವರಿಗೆ. ಗುಡಿಯ ಮುಖವೂ ಪಶ್ಚಿಮಕ್ಕಿದೆ. ಇದು ವಿಷ್ಣುವಿನ ಗುಡಿಯ ಜೊತೆಗೆ ರಾಜನ ಸ್ಮಾರಕವೂ ಆಗಿತ್ತು ಅಂತ ಅನೇಕ ವಿದ್ವಾಂಸರು ಹೇಳುವುದು ಇದೇ ಕಾರಣಕ್ಕೆ. ಸತ್ತ ಮೇಲೆ ರಾಜನಿಗೆ ಇಟ್ಟ ಹೆಸರು ಪರಮವಿಷ್ಣುಲೋಕ. ಅಮ್ಮನಿಗೆ ಇದನ್ನು ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಮೇಲಿನ ಅಂತಸ್ತಿನ ಮೆಟ್ಟಿಲು ಬಹಳ ಕಡಿದು, ಅದನ್ನು ನಾನೊಬ್ಬಳೇ ಹತ್ತಿ ಬಂದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇಲ್ಲದಿದ್ದರೆ ಮೇಲೆ ಬಿಡುವುದಿಲ್ಲ.

ಎರಡನೇ ದಿನಕ್ಕೆ ಬಂತೇ ಸ್ರೇ. ಪಟ್ಟಣದಿಂದ ಸುಮಾರು 35 ಕಿಲೋಮೀಟರ್, ಟುಕ್‌ಟುಕ್‌ನಲ್ಲಿ ಒಂದು ಗಂಟೆ ಮೇಲೆ ಹಿಡಿಯಿತು. ದಾರಿಯುದ್ದಕ್ಕೂ ಬೋರ್ಡುಗಳನ್ನು ನೋಡುತ್ತಿದ್ದೆ. ಅವರ ಖ್ಮೇರ್ ಲಿಪಿಯಲ್ಲೂ ನಮ್ಮ ಹಾಗೇ ಅಕ್ಷರದ ಕೆಳಗೆ ಒತ್ತಕ್ಷರ ಬರುತ್ತದೆ! ಅಂಗ್‌ಕೋರ್ ಅನ್ನುವ ಹೆಸರೂ ನಗರ ಅನ್ನುವ ಪದದಿಂದಲೇ ಬಂದಿದ್ದು. ಮೇಷ್ಟರಿಗೆ ಅವರು 'ಕ್ರೂ' ಅಂತಾರೆ, ಗುರು ಅನ್ನುವ ಪದವೇ ಅದು.

ಬಂತೇ ಸ್ರೇ ಪುಟ್ಟ ಗುಡಿ. ಕೆಲವು ಬಾಗಿಲಲ್ಲಿ ನಾನೂ ಬಗ್ಗಬೇಕು. ಕಟ್ಟಿಸಿದವನು ರಾಜ ಅಲ್ಲ, ಯಜ್ಞವರಾಹ ಅನ್ನುವ ಪಂಡಿತ. ಶಿವನ ಗುಡಿ, ಪ್ರತಿಷ್ಠೆ 967ರಲ್ಲಿ, ಅಂದರೆ ಬೇಲೂರಿಗಿಂತ 150 ವರ್ಷ ಹಳೆಯದು. ಕಲ್ಲು ಗುಲಾಬಿ ಬಣ್ಣದ ಮರಳುಗಲ್ಲು. ನಮ್ಮ ಹೊಯ್ಸಳರದ್ದು ಬಳಪದ ಕಲ್ಲು, ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಅದಕ್ಕೇ ಒಡವೆಯ ಹಾಗೆ ಕೊರೆಯಬಹುದು. ಮರಳುಗಲ್ಲಿನಲ್ಲೂ ಅಷ್ಟು ಸಣ್ಣ ಕೆಲಸ ಆಗುತ್ತದೆ ಅಂತ ನನಗೆ ಗೊತ್ತಾಗಿದ್ದು ಇಲ್ಲಿ. ಒಂದು ಬಾಗಿಲ ಮೇಲೆ ಖಾಂಡವದಹನ ಇದೆ. ಮೇಲೆ ಐರಾವತದ ಮೇಲೆ ಇಂದ್ರ, ಓರೆ ಗೆರೆಗಳಲ್ಲಿ ಮಳೆ, ಅದಕ್ಕೆ ಅಡ್ಡ ಬಾಣಗಳ ಚಪ್ಪರ, ಕೆಳಗೆ ಕಾಡಿನ ಮೃಗಗಳು. ಅಮ್ಮ ಒಂದು ಕ್ಷಣದಲ್ಲಿ ಗುರುತು ಹಿಡಿದಳು. ಪಕ್ಕದಲ್ಲಿದ್ದ ಗೈಡ್ ಒಬ್ಬರು ಬೇರೆಯವರಿಗೆ ಅದನ್ನೇ ವಿವರಿಸಲು ಹತ್ತು ನಿಮಿಷ ಪರದಾಡುತ್ತಿದ್ದರು. ಈ ಕಥೆಗಳನ್ನು ಕೇಳಿ ಬೆಳೆದವರಿಗೆ ಆ ಊರು ಅರ್ಧ ತೆರೆದೇ ಇರುತ್ತದೆ. ಹೊರಡುವ ಮುಂಚೆ ಮನೆಯ ಹಿರಿಯರಿಂದ ಮಹಾಭಾರತದ ಕಥೆ ಇನ್ನೊಮ್ಮೆ ಹೇಳಿಸಿಕೊಳ್ಳಿ. ಗೈಡ್ ಪುಸ್ತಕಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವಾಪಸ್ ಬರುವಾಗ ಬಾಯೋನ್, ತಾ ಪ್ರೋಮ್ ಗುಡಿಗಳನ್ನು ನೋಡಿದೆವು. ತಾ ಪ್ರೋಮ್‌ನ ಗೋಡೆ ಹಿಡಿದ ಮರದ ಬೇರುಗಳ ಚಿತ್ರ ಎಲ್ಲರೂ ನೋಡಿರುತ್ತೀರಿ. ಏಳನೇ ಜಯವರ್ಮ ಅದನ್ನು ಕಟ್ಟಿಸಿದ್ದು ತಾಯಿಯ ನೆನಪಿಗೆ, 1186ರಲ್ಲಿ. ಈಗ ಅಲ್ಲಿ ಬಿದ್ದ ಕಲ್ಲು ಜೋಡಿಸುವ ಕೆಲಸ ಮಾಡಿದವರಲ್ಲಿ ನಮ್ಮ ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆಯವರಿದ್ದಾರೆ. ಅಮ್ಮ ಆ ಇಲಾಖೆಯ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಂಡಳು.

ಊಟದ ಕಷ್ಟ ನಿಜ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ಅನ್ನ, ಚಟ್ನಿಪುಡಿ, ಎಳನೀರು ನಮ್ಮ ಕೈ ಹಿಡಿದವು.

ಮೂರನೇ ದಿನ ಹೊಸ ಗುಡಿ ಯಾವುದೂ ಬೇಡ ಅಂದಳು ಅಮ್ಮ. "ಅಲ್ಲಿಗೇ ಇನ್ನೊಂದ್ಸಲ ಹೋಗೋಣ." ಮಧ್ಯಾಹ್ನ ಮೂರಕ್ಕೆ ಹೋದೆವು. ಅಮ್ಮ ತಾ ರೀಚ್‌ಗೆ ಕೈ ಮುಗಿದು, "ದೇವ್ರಿಗೆ ಮೊನ್ನೆ ಸುತ್ತಿದ್ದಾಯ್ತು. ಇವತ್ತು ರಾಜನಿಗೆ ಅಂತ ಸುತ್ತೋಣ," ಅಂದು ತಾನೇ ಬಲಕ್ಕೆ ತಿರುಗಿದಳು.

ಪಶ್ಚಿಮದ ಬಿಸಿಲು ಕಂಬಗಳ ನಡುವೆ ಬಂದು ಕುರುಕ್ಷೇತ್ರದ ಗೋಡೆಗೆ ಬಿದ್ದಿತ್ತು. ಗೋಡೆ ಉದ್ದ 49 ಮೀಟರ್. ಎಡದಿಂದ ಕೌರವರು, ಬಲದಿಂದ ಪಾಂಡವರು. ಎರಡೂ ತುದಿಯಲ್ಲಿ ಸಾಲು ಹಿಡಿದ ಸೈನ್ಯ, ನಡುವೆ ಬರುತ್ತಾ ಬರುತ್ತಾ ಕೈಕಾಲು ಗುರುತು ಸಿಗದ ಕಾಳಗ. ಕೆತ್ತನೆ ಆಳವಿಲ್ಲ, ಬೇಲೂರಿನ ಹಾಗೆ ಕಲ್ಲಿಂದ ಹೊರಗೆ ಬಂದಿಲ್ಲ. ಓರೆ ಬಿಸಿಲು ಬಿದ್ದಾಗಲೇ ಅದು ಎದ್ದು ಕಾಣುವುದು. ಶರಶಯ್ಯೆಯ ಭೀಷ್ಮನನ್ನು ಅಮ್ಮನೇ ಹುಡುಕಿದಳು. ಮುಂದೆ ನಾಲ್ಕು ಕೈಯ ಕೃಷ್ಣ ಅರ್ಜುನನ ರಥ ಹೊಡೆಯುತ್ತಿದ್ದ. ಅಮ್ಮ ಎದುರಿನ ಕಟ್ಟೆಯ ಮೇಲೆ ಕೂತು ಭೀಷ್ಮನನ್ನೇ ನೋಡುತ್ತಿದ್ದಳು. ನಾನು ಕರೆಯಲಿಲ್ಲ. ಆ ಒಂದು ಗೋಡೆಗೆ ಒಂದೂಕಾಲು ಗಂಟೆ ಆಯಿತು.

ಮೂಲೆ ತಿರುಗಿ ದಕ್ಷಿಣದ ಗೋಡೆಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕಾವಲಿನವರು ಇನ್ನು ಹೊರಡಿ ಅಂತ ಕೈಸನ್ನೆ ಮಾಡುತ್ತಿದ್ದರು. ಸಮುದ್ರಮಥನದವರೆಗೆ ಹೋಗಲು ಹೊತ್ತು ಸಾಲದು ಅಂತ ಗೊತ್ತಾಯಿತು. ಅಮ್ಮ ನನ್ನ ತೋಳು ಹಿಡಿದು ಸೂರ್ಯವರ್ಮನ ಸೈನ್ಯದ ಪಕ್ಕದಲ್ಲಿ ಮೆಲ್ಲಗೆ ಹೆಜ್ಜೆ ಹಾಕಿದಳು. ಆನೆಗಳು, ಛತ್ರಿಗಳು, ಪದಾತಿಗಳು ಈ ಸಲ ನಾವು ಹೊರಟ ಕಡೆಗೇ ಹೊರಟಿದ್ದರು.