ರತ್ವೆಲಿ ಪ್ಯಾಕೇಜಿಗೆ ಮುಂಗಡ ಕಟ್ಟುವ ಮುಂಚೆ ಇದನ್ನು ಓದಿ

ಆಗಸ್ಟ್ ಮುಗಿಯುತ್ತಾ ಬಂದರೆ ನನಗೆ ಒಂದೇ ಥರದ ಮೆಸೇಜುಗಳು ಬರಲು ಶುರುವಾಗುತ್ತವೆ. ದುಬೈ, ಮಸ್ಕತ್ ಕಡೆಯ ಕನ್ನಡದವರು, ಇಲ್ಲೇ ಟಿಬಿಲಿಸಿಯಲ್ಲಿ ಮೆಡಿಕಲ್ ಓದುತ್ತಿರುವ ಮಕ್ಕಳ ಅಪ್ಪ ಅಮ್ಮ. "ಸೆಪ್ಟೆಂಬರ್ ಕೊನೇ ವಾರ ಜಾರ್ಜಿಯಾಕ್ಕೆ ಬರ್ತಿದ್ದೀವಿ, ದ್ರಾಕ್ಷಿ ಹಬ್ಬದ ಪ್ಯಾಕೇಜ್ ಬುಕ್ ಮಾಡಿ ಆಯ್ತು." ಬುಕ್ ಮಾಡಿ ಆಯ್ತು ಅಂದ ಮೇಲೆ ಹೇಳೋಕೆ ಏನೂ ಉಳಿಯುವುದಿಲ್ಲ. ನಾನು ಬಂದ ಹೊಸದರಲ್ಲಿ ಎಲ್ಲಿ ದುಡ್ಡು ಕಳೆದುಕೊಂಡೆನೋ ಅಲ್ಲೇ ಇವರೂ ಕಳೆದುಕೊಳ್ಳುತ್ತಾರೆ. ವೀಸಾ, ವಿಮಾನ, ಹೋಟೆಲ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಅದಕ್ಕೆ ಹೋಗುವುದಿಲ್ಲ. ಹಬ್ಬಗಳ ವಿಷಯ ಮಾತ್ರ ಹೇಳುತ್ತೇನೆ.

ಮೊದಲಿಗೆ ರತ್ವೆಲಿ. ಜಾರ್ಜಿಯಾದ ದ್ರಾಕ್ಷಿ ಕೊಯ್ಲಿಗೆ ಈ ಹೆಸರು. ಜಾಹೀರಾತಿನಲ್ಲಿ ಇದನ್ನು ಹಬ್ಬ ಅಂತ ಹಾಕುತ್ತಾರೆ, ತಾರೀಖನ್ನೂ ಹಾಕುತ್ತಾರೆ. ಆದರೆ ರತ್ವೆಲಿಗೆ ತಾರೀಖು ಅನ್ನುವುದೇ ಇಲ್ಲ. ನಮ್ಮ ಸುಗ್ಗಿ ಇದ್ದ ಹಾಗೆ. ಪೈರು ಬಲಿತಾಗ ಕೊಯ್ಲು, ಅಷ್ಟೇ. ಪೂರ್ವದ ಕಾಖೇತಿಯಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ನಡೆಯುತ್ತದೆ. ಪಶ್ಚಿಮದ ಇಮೆರೇತಿ, ಬೆಟ್ಟದ ರಾಚಾ ಕಡೆ ಇನ್ನೂ ತಡ. ಒಂದೇ ಊರಿನಲ್ಲಿ ಒಂದು ಮನೆಯವರು ಈ ಶನಿವಾರ ಕೊಯ್ದರೆ ಪಕ್ಕದ ಮನೆಯವರು ಮುಂದಿನ ವಾರ. ಹಣ್ಣಿನಲ್ಲಿ ಸಕ್ಕರೆ ಎಷ್ಟು ಏರಿದೆ, ಮಳೆ ಬರುವ ಹಾಗಿದೆಯಾ, ಊರು ಬಿಟ್ಟು ಟಿಬಿಲಿಸಿ ಸೇರಿರುವ ಮಗ ಸೊಸೆಗೆ ರಜೆ ಸಿಕ್ಕಿತಾ, ಇದನ್ನೆಲ್ಲ ನೋಡಿ ದಿನ ಗೊತ್ತು ಮಾಡುತ್ತಾರೆ. ಮಳೆಯ ಸೂಚನೆ ಇದ್ದರೆ ರಾತ್ರೋರಾತ್ರಿ ತೀರ್ಮಾನ ಬದಲಾಗುತ್ತದೆ.

ಹಾಗಾದರೆ ತಿಂಗಳುಗಟ್ಟಲೆ ಮುಂಚೆ ತಾರೀಖು ಹಾಕಿ ಮಾರುವವರು ಏನು ಮಾರುತ್ತಿದ್ದಾರೆ? ಹೋದ ವರ್ಷ ಅಬುಧಾಬಿಯಿಂದ ಒಂದು ಕುಟುಂಬ ಬಂದಿತ್ತು. ಐದು ಜನರ ದುಡ್ಡನ್ನೂ ಪೂರ್ತಿ ಮುಂಗಡ ಕಟ್ಟಿದ್ದರು. ಹೋಗಿ ನೋಡಿದರೆ ತೋಟದ ಕೊಯ್ಲು ಹಿಂದಿನ ವಾರವೇ ಮುಗಿದಿತ್ತು. ಬಂದವರಿಗೆಂದೇ ಎರಡು ಸಾಲು ಬಳ್ಳಿ ಬಿಟ್ಟಿದ್ದರು. ಕೈಗೊಂದು ಕತ್ತರಿ ಕೊಟ್ಟರು, ಬುಟ್ಟಿಯ ಜೊತೆ ಫೋಟೋ ತೆಗೆಸಿದರು, ಹಿಂದಿನ ಬಸ್ಸಿನವರು ತುಳಿದಿದ್ದ ದ್ರಾಕ್ಷಿಯ ಮೇಲೆ ಮಕ್ಕಳನ್ನು ಎರಡು ನಿಮಿಷ ನಿಲ್ಲಿಸಿದರು. ಊಟಕ್ಕೆ ಕೂತರೆ ಮೂರು ಥರದ ಮಾಂಸ. ಸಸ್ಯಾಹಾರಿಗಳಾದ ಅಜ್ಜಿ ತಾತನಿಗೆ ಬ್ರೆಡ್ಡು, ಟೊಮೆಟೊ, ಸೌತೆಕಾಯಿ. ದುಡ್ಡು ವಾಪಸ್ ಕೇಳಿದರೆ, "ಪ್ರೋಗ್ರಾಮ್ ಲಿಸ್ಟಿನಲ್ಲಿ ಇದ್ದದ್ದೆಲ್ಲ ತೋರಿಸಿದ್ದೀವಲ್ಲ" ಎಂಬ ಉತ್ತರ. ಲಿಸ್ಟಿನ ಪ್ರಕಾರ ಅದು ನಿಜವೇ. ಅದಕ್ಕೇ ಇದು ಅಪಾಯ. ಕಾನೂನಿನ ದಾರಿಯಲ್ಲಿ ಏನೂ ದಕ್ಕುವುದಿಲ್ಲ.

ನಿಜವಾದ ರತ್ವೆಲಿ ಹೇಗಿರುತ್ತದೆ ಅಂತ ಗೊತ್ತಿದ್ದರೆ ಯಾರೂ ಇದಕ್ಕೆ ದುಡ್ಡು ಸುರಿಯುವುದಿಲ್ಲ. ಇಬ್ಬನಿ ಆರುತ್ತಿದ್ದ ಹಾಗೆ ಮನೆಮಂದಿ, ನೆಂಟರು, ಅಕ್ಕಪಕ್ಕದವರು ಸಾಲು ಹಿಡಿಯುತ್ತಾರೆ. ಬಳ್ಳಿಯ ಎರಡೂ ಬದಿಗೆ ಒಬ್ಬೊಬ್ಬರು. ಒಂದು ಕೈ ಗೊಂಚಲಿನ ಕೆಳಗೆ, ಇನ್ನೊಂದು ಕೈಯಲ್ಲಿ ಕತ್ತರಿ. ತೊಟ್ಟು ಕತ್ತರಿಸಿ ಬಕೆಟ್ಟಿಗೆ ಹಾಕುವುದು, ತುಂಬಿದ ಬಕೆಟ್ಟನ್ನು ಟ್ರೈಲರಿಗೆ ಸುರಿಯುವುದು. ಅರ್ಧ ಗಂಟೆಯಲ್ಲಿ ಬೆರಳುಗಳು ರಸಕ್ಕೆ ಅಂಟಿಕೊಳ್ಳುತ್ತವೆ, ಕಣಜಗಳು ಕೈ ಸುತ್ತಲೇ ಇರುತ್ತವೆ. ತುಂಬು ತೋಳಿನ ಹಳೇ ಅಂಗಿ, ಟೋಪಿ, ಮುಚ್ಚಿದ ಶೂ ಹಾಕಿಕೊಂಡು ಹೋಗಿ. ಸಪೆರಾವಿ ಅನ್ನುವ ಕಪ್ಪು ದ್ರಾಕ್ಷಿಯ ಕಲೆ ಬಟ್ಟೆಯಿಂದ ಹೋಗುವುದೇ ಇಲ್ಲ. ಹೆಚ್ಚಿನ ದ್ರಾಕ್ಷಿ ಲಾರಿಗಳಲ್ಲಿ ಫ್ಯಾಕ್ಟರಿಗೆ ಹೋಗುತ್ತದೆ. ಆ ದಿನಗಳಲ್ಲಿ ಫ್ಯಾಕ್ಟರಿ ಗೇಟಿನ ಮುಂದೆ ಗಾಡಿಗಳ ಉದ್ದನೆ ಸಾಲು ನಿಂತಿರುತ್ತದೆ. ಮನೆಗೆ ಉಳಿಸಿಕೊಂಡದ್ದನ್ನು ಮರದ ದೋಣಿಯಂಥ ತೊಟ್ಟಿಯಲ್ಲಿ ತುಳಿದು, ರಸ, ಸಿಪ್ಪೆ, ಬೀಜ ಸಮೇತ ಕ್ವೆವ್ರಿಗೆ ಬಿಡುತ್ತಾರೆ. ಕ್ವೆವ್ರಿ ಅಂದರೆ ಕುತ್ತಿಗೆವರೆಗೆ ನೆಲದಲ್ಲಿ ಹೂತಿಟ್ಟ ದೊಡ್ಡ ಮಣ್ಣಿನ ಹಂಡೆ. ಹುಳಿ ಬರುವಾಗ ಮೇಲೆದ್ದ ಸಿಪ್ಪೆಯನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಒತ್ತಿ ಮುಳುಗಿಸುತ್ತಾರೆ. ಆಮೇಲೆ ಬಾಯಿ ಮುಚ್ಚಿ ವಸಂತದವರೆಗೆ ಬಿಡುತ್ತಾರೆ. ಈ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಹಾಡು, ಊಟ, ಗದ್ದಲ ಎಲ್ಲ ಬರುವುದು ಕೆಲಸ ಮುಗಿದ ಸಂಜೆಗೆ.

ಇದನ್ನು ನೋಡಬೇಕೆಂದರೆ ದಾರಿ ಸುಲಭ. ಕಾಖೇತಿಯ ತೆಲಾವಿ, ಕ್ವಾರೆಲಿ ಅಥವಾ ಸಿಗ್ನಾಗಿ ಸುತ್ತಮುತ್ತ ಸ್ವಂತ ತೋಟ ಇರುವ ಮನೆಯವರು ನಡೆಸುವ ಗೆಸ್ಟ್ ಹೌಸ್ ಹಿಡಿಯಿರಿ. ರೂಮು ಬುಕ್ ಮಾಡುವಾಗಲೇ "ನಿಮ್ಮ ರತ್ವೆಲಿ ಯಾವಾಗ" ಅಂತ ಕೇಳಿ, ಹೊರಡುವ ಎರಡು ದಿನ ಮುಂಚೆ ಮತ್ತೆ ಕೇಳಿ. ಅವರದ್ದು ಮುಗಿದಿದ್ದರೆ ಅವರೇ ಭಾವನ ಮನೆಗೋ ಪಕ್ಕದ ಮನೆಗೋ ಕಳಿಸುತ್ತಾರೆ. ಕೆಲಸಕ್ಕೆ ಕೈ ಹಾಕಿದವರನ್ನು ಇಲ್ಲಿ ಊಟಕ್ಕೆ ಕೂರಿಸದೆ ಬಿಡುವುದಿಲ್ಲ. ಪ್ಯಾಕೇಜೇ ಬೇಕು ಅನ್ನುವವರು ದುಡ್ಡು ಕಟ್ಟುವ ಮುಂಚೆ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಆ ದಿನ ಕೊಯ್ಯದ ತೋಟ ಇರುತ್ತದಾ? ಎಷ್ಟು ಹೊತ್ತು ಕೊಯ್ಲು? ಮಳೆ ಬಂದರೆ ದಿನ ಬದಲಾಯಿಸುತ್ತೀರಾ, ದುಡ್ಡು ಕೊಡುತ್ತೀರಾ? ಮಾಂಸ ಇಲ್ಲದ ಊಟದಲ್ಲಿ ಏನೇನು ಇರುತ್ತದೆ? ಕಾಲು ಭಾಗಕ್ಕಿಂತ ಜಾಸ್ತಿ ಮುಂಗಡ ಕೇಳಿದರೆ ಬೇಡ ಅನ್ನಿ. ವಿಮಾನದ ಟಿಕೆಟ್ಟನ್ನು ಒಂದು ದಿನಕ್ಕೆ ಬಿಗಿಯಬೇಡಿ, ಕಾಖೇತಿಗೆಂದು ಮೂರು ನಾಲ್ಕು ದಿನ ಸಡಿಲ ಇಟ್ಟುಕೊಳ್ಳಿ.

ತಾರೀಖಿನ ತೊಂದರೆ ರತ್ವೆಲಿಗೆ ಮಾತ್ರ ಅಲ್ಲ. ಜಾರ್ಜಿಯಾದ ಚರ್ಚು ಹಳೇ ಜೂಲಿಯನ್ ಕ್ಯಾಲೆಂಡರಿನಲ್ಲಿ ನಡೆಯುತ್ತದೆ, ಅದು ಈಗ 13 ದಿನ ಹಿಂದೆ. ಮಂಗಳೂರಿನ ಕ್ರೈಸ್ತರು ಆಗಸ್ಟ್ 15ಕ್ಕೆ ಮಾಡುವ ಮರಿಯಮ್ಮನವರ ಹಬ್ಬ ಇಲ್ಲಿ ಆಗಸ್ಟ್ 28ಕ್ಕೆ, ಮರಿಯಮೋಬಾ ಅನ್ನುತ್ತಾರೆ. ಅವತ್ತು ಸರ್ಕಾರಿ ರಜೆ, ಬ್ಯಾಂಕು ಇಲ್ಲ. ಕ್ರಿಸ್ಮಸ್ ಜನವರಿ 7ಕ್ಕೆ. ಬೆಟ್ಟದ ಕಡೆಯ ಎಷ್ಟೋ ಹಬ್ಬಗಳು ಈಸ್ಟರಿನಿಂದ ಲೆಕ್ಕ ಹಾಕಿ ಬರುತ್ತವೆ, ಆ ಈಸ್ಟರೂ ನಮ್ಮ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವುದಲ್ಲ. ಇಲ್ಲಿ ಅದು 2026ರಲ್ಲಿ ಏಪ್ರಿಲ್ 12, 2027ರಲ್ಲಿ ಮೇ 2. ಟಿಬಿಲಿಸಿ ನಗರದ ಹಬ್ಬ ಟಿಬಿಲಿಸೋಬಾ 1979ರಿಂದ ನಡೆಯುತ್ತಿದೆ, ಅಕ್ಟೋಬರಿನ ವಾರಾಂತ್ಯದಲ್ಲಿ. ಯಾವ ವಾರಾಂತ್ಯ ಅನ್ನುವುದು ಹತ್ತಿರ ಬಂದಾಗಲೇ ಖಚಿತವಾಗುತ್ತದೆ. ಹೋದ ವರ್ಷದ ತಾರೀಖು ನೋಡಿ ಟಿಕೆಟ್ ತೆಗೆದವರು ಖಾಲಿ ಪಾರ್ಕು ನೋಡಿಕೊಂಡು ಹೋಗಿದ್ದಾರೆ.

ಈ ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು ಅಂತ ನನಗನ್ನಿಸುತ್ತದೆ. ಪಂಚಾಂಗ ತೆಗೆದರೆ ಮುಂದಿನ ವರ್ಷದ ಜಾತ್ರೆ, ರಥೋತ್ಸವ ಎಲ್ಲ ಇವತ್ತೇ ಹೇಳಬಹುದು. ಆದರೆ ಹಬ್ಬ ಶುರುವಾದ ಮೇಲೆ ಇವರದ್ದೇ ಚೆಂದ. ಮೈಸೂರು ದಸರಾದಲ್ಲಿ ಗೋಲ್ಡ್ ಕಾರ್ಡ್ ಇದ್ದವರಿಗೆ ಕುರ್ಚಿ, ಉಳಿದವರಿಗೆ ಬ್ಯಾರಿಕೇಡು. ಟಿಬಿಲಿಸೋಬಾದಲ್ಲಿ ಹಳೇ ಪೇಟೆಯ ಬೀದಿಗೆ ಇಳಿದರೆ ಸಾಕು, ಹಾಡುವವರು ಕೈಗೆಟುಕುವಷ್ಟು ಹತ್ತಿರ ಇರುತ್ತಾರೆ. ಮೂರು ದನಿ ಬೇರೆ ಬೇರೆ ದಾರಿ ಹಿಡಿದು ಒಂದೇ ಹಾಡಾಗುವ ಅವರ ಗಾಯನವನ್ನು ಮೈಕ್ ಇಲ್ಲದೆ ಹತ್ತಿರ ನಿಂತು ಕೇಳಬೇಕು. ಹಾಡು ಕುಣಿತವೇ ಮುಖ್ಯ ಅನ್ನುವವರಿಗೆ ಜುಲೈಯ ಆರ್ಟ್-ಜೀನ್ ಉತ್ಸವ ಹೇಳುತ್ತೇನೆ. 2004ರಲ್ಲಿ ಶುರುವಾದದ್ದು, ಟಿಬಿಲಿಸಿಯ ಆಮೆ ಕೆರೆಯ ಪಕ್ಕದ ಬಯಲು ಮ್ಯೂಸಿಯಮ್ಮಿನಲ್ಲಿ ಹಳೇ ಮರದ ಮನೆಗಳ ನಡುವೆ ನಡೆಯುತ್ತದೆ. ಬೇರೆ ಬೇರೆ ಸೀಮೆಯ ಹಳ್ಳಿಗಳವರು ಬಂದು ಹಾಡುತ್ತಾರೆ. ತಾರೀಖು ಪಕ್ಕಾ ಬೇಕು ಅನ್ನುವವರಿಗೆ ಅಕ್ಟೋಬರ್ 14. ಅವತ್ತು ಮ್ಸ್ಖೇತಾದಲ್ಲಿ ಸ್ವೆತಿಸ್ಖೊವ್ಲೋಬಾ, ಹನ್ನೊಂದನೇ ಶತಮಾನದ ದೊಡ್ಡ ಚರ್ಚಿನ ಹಬ್ಬ. ಟಿಬಿಲಿಸಿಯ ದಿದುಬೆಯಿಂದ ಮಿನಿಬಸ್ಸಿನಲ್ಲಿ ಅರ್ಧ ಗಂಟೆ. ಹೆಂಗಸರಿಗೆ ತಲೆ ಮೇಲೆ ದುಪಟ್ಟಾ, ಗಂಡಸರಿಗೆ ಉದ್ದ ಪ್ಯಾಂಟು ಬೇಕೇ ಬೇಕು.

ಊಟದ ಬಗ್ಗೆ ಒಂದೇ ಮಾತು ನೆನಪಿಟ್ಟುಕೊಳ್ಳಿ: ಸಮರ್ಖ್ವೋ. ಚರ್ಚಿನ ಉಪವಾಸದ ಅಡುಗೆ ಇದು. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇರುವುದಿಲ್ಲ. ವೆಜಿಟೇರಿಯನ್ ಅಂದರೆ ಹಳ್ಳಿಯಲ್ಲಿ ಕೋಳಿ ಸಾರು ತಂದಿಟ್ಟಾರು, ಸಮರ್ಖ್ವೋ ಅಂದರೆ ಅಜ್ಜಿಯಂದಿರಿಗೂ ತಕ್ಷಣ ಗೊತ್ತಾಗುತ್ತದೆ. ಕೆಲವು ಉಪವಾಸದ ದಿನ ಮೀನು ನಡೆಯುತ್ತದೆ, ಹಾಗಾಗಿ ಮೀನು ಬೇಡ ಅಂತಲೂ ಹೇಳಿ. ಈಸ್ಟರ್ ಮುಂಚಿನ ಏಳು ವಾರ, ಆಗಸ್ಟ್ 14ರಿಂದ 27, ನವೆಂಬರ್ 28ರಿಂದ ಜನವರಿ 6, ಈ ದಿನಗಳಲ್ಲಿ ಹೋಟೆಲುಗಳಲ್ಲೂ ಸಮರ್ಖ್ವೋ ಸುಲಭವಾಗಿ ಸಿಗುತ್ತದೆ. ಮಡಕೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ಲೋಬಿಯೊ, ಮೆಕ್ಕೆಜೋಳದ ರೊಟ್ಟಿ ಮ್ಚಾದಿ, ಅಕ್ರೋಟು ಅರೆದು ಸುತ್ತಿದ ಬದನೆಕಾಯಿ, ಪಾಲಕ್ಕಿನ ಪ್ಖಾಲಿ. ಕೊತ್ತಂಬರಿ, ಬೆಳ್ಳುಳ್ಳಿ, ಮೆಂತ್ಯದ ಜಾತಿಯ ಒಂದು ಮಸಾಲೆ ಇರುವುದರಿಂದ ನಮ್ಮ ನಾಲಿಗೆಗೆ ಒಗ್ಗುತ್ತದೆ. ಎರಡು ಎಚ್ಚರಿಕೆ. ಅಕ್ರೋಟು ಆಗದವರು ಪ್ರತಿ ತಟ್ಟೆಗೂ ಕೇಳಿಯೇ ತಿನ್ನಬೇಕು, ಸಾಂಬಾರಿನಂಥದರಲ್ಲೂ ಇರುತ್ತದೆ. ಬೀನ್ಸ್ ತುಂಬಿದ ರೊಟ್ಟಿ ಲೋಬಿಯಾನಿಯನ್ನು ರಾಚಾ ಶೈಲಿಯಲ್ಲಿ ಮಾಡಿದರೆ ಒಳಗೆ ಹಂದಿಮಾಂಸ ಸೇರಿಸಿರುತ್ತಾರೆ.

ಊಟದ ಪಂಕ್ತಿಗೆ ಸುಪ್ರಾ ಅನ್ನುತ್ತಾರೆ, ನಡೆಸುವ ಹಿರಿಯ ತಮದಾ. ಅವರು ಮಾತಾಡಿ ಮುಗಿಸುವ ತನಕ ಯಾರೂ ಲೋಟ ಎತ್ತುವುದಿಲ್ಲ. ಅಲ್ಲಿಯವರೆಗೆ ಬಾಯಾರಿಕೆಗೆ ನೀರು ಕುಡಿಯಬಹುದು, ವೈನ್ ಕುಡಿಯಬಾರದು. ನೀವು ಕುಡಿಯದವರಾದರೆ ಶುರುವಿನಲ್ಲೇ ತಮದಾಗೆ ಹೇಳಿ, ಲೋಟಕ್ಕೆ ದ್ರಾಕ್ಷಿ ರಸವೋ ನಿಂಬೆ ಸೋಡವೋ ಹಾಕಿಸಿಕೊಳ್ಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅರ್ಧದಲ್ಲಿ ಬೇಡ ಅಂದರೆ ಬೇಜಾರು. ತೀರಿಹೋದವರ ಹೆಸರಿನಲ್ಲಿ, ಅಪ್ಪ ಅಮ್ಮನ ಹೆಸರಿನಲ್ಲಿ ಲೋಟ ಎತ್ತುವಾಗ ಫೋನ್ ನೋಡಬೇಡಿ, ವಿಡಿಯೋ ಮಾಡಬೇಡಿ. ಇನ್ನೊಂದು, ಮೇಜಿನ ಮೇಲಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರಿನ ಹಾಗೆ ಕಾಣುವುದೆಲ್ಲ ನೀರಲ್ಲ. ದ್ರಾಕ್ಷಿ ಸಿಪ್ಪೆಯಿಂದ ಬಟ್ಟಿ ಇಳಿಸಿದ ಚಾಚಾ ಇರಬಹುದು, ತುಂಬಾ ಖಡಕ್ಕು. ಮಕ್ಕಳಿಗೆ ಕೊಡುವ ಮುಂಚೆ ಮೂಸಿ ನೋಡಿ.

ಬೆಟ್ಟದ ಹಬ್ಬಗಳಿಗೆ ಸುಮ್ನೆ ಕುತೂಹಲಕ್ಕೆ ಹೋಗಬೇಡಿ. ಈಸ್ಟರ್ ಆದ ಏಳನೇ ವಾರದ ಬುಧವಾರ ಮ್ಲೇತಾದ ಮೇಲಿನ ಬೆಟ್ಟದಲ್ಲಿ ನಡೆಯುವ ಲೊಮಿಸೋಬಾದಲ್ಲಿ ಕುರಿ ಬಲಿ ಕೊಡುತ್ತಾರೆ, ಕಣ್ಣೆದುರೇ. ತುಶೇತಿಯ ಪೂಜಾಸ್ಥಳಗಳ ಹತ್ತಿರ ಹೆಂಗಸರು ಹೋಗುವಂತಿಲ್ಲ, ಆ ಸೀಮೆಗೆ ಹಂದಿಮಾಂಸ ಒಯ್ಯುವಂತಿಲ್ಲ. ನನಗೆ ಹೆಂಗಸರನ್ನು ದೂರ ಇಡುವ ಕಟ್ಟಳೆ ಒಪ್ಪಿಗೆ ಇಲ್ಲ, ಆದರೆ ಅವರ ಊರಿನಲ್ಲಿ ಗೆರೆ ದಾಟಿ ಜಗಳ ತರುವುದು ನಮ್ಮ ಕೆಲಸ ಅಲ್ಲ. ತುಶೇತಿಯ ಒಮಾಲೊದಲ್ಲಿ ಆಗಸ್ಟಿನಲ್ಲಿ ನಡೆಯುವ ತುಶೆತೋಬಾದ ಕುದುರೆ ಓಟ, ಕುಸ್ತಿ ನೋಡಲೇಬೇಕಾದ್ದು. ಆದರೆ ದಾರಿಯ ಅಬಾನೊ ಘಾಟಿ 2,800 ಮೀಟರಿಗಿಂತ ಎತ್ತರ, ಮಣ್ಣು ರಸ್ತೆ, ಪಕ್ಕದಲ್ಲಿ ಪ್ರಪಾತ, ತಡೆಗೋಡೆ ಇಲ್ಲ. ಬಾಡಿಗೆ ಕಾರಿನ ಒಪ್ಪಂದದಲ್ಲಿ ಎಷ್ಟೋ ಕಡೆ ಈ ರಸ್ತೆಗೆ ವಿಮೆ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬೆಟ್ಟದ ಕೆಳಗಿನ ಅಲ್ವಾನಿಯಲ್ಲಿ ದಿನಾ ಆ ದಾರಿ ಓಡಿಸುವ ಊರಿನ ಡ್ರೈವರನ್ನೇ ಹಿಡಿಯಿರಿ. ನಮ್ಮ ಘಾಟಿ ಓಡಿಸಿದ್ದೇನೆ ಅನ್ನುವ ಧೈರ್ಯ ಇಲ್ಲಿ ಬೇಡ.

ಮನೆಗೆ ಒಯ್ಯಲು ವೈನಿಗಿಂತ ಚುರ್ಚ್‌ಖೇಲಾ ಒಳ್ಳೆಯದು. ದಾರಕ್ಕೆ ಪೋಣಿಸಿದ ಅಕ್ರೋಟನ್ನು ಹಿಟ್ಟು ಸೇರಿಸಿ ಕುದಿಸಿದ ದ್ರಾಕ್ಷಿ ರಸದಲ್ಲಿ ಅದ್ದಿ ಅದ್ದಿ ಒಣಗಿಸಿದ್ದು. ಶುದ್ಧ ಸಸ್ಯಾಹಾರ, ಬೇಗ ಕೆಡುವುದೂ ಇಲ್ಲ. ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ ನೋಡಿ, ಬಗ್ಗಿದರೆ ಹೊಸದು, ಕೋಲಿನಂತೆ ನಿಂತರೆ ಹಳೆಯದು. ದಾರಿ ಬದಿಯಲ್ಲಿ ಧೂಳಿಗೆ ನೇತಾಡುವುದಕ್ಕಿಂತ ಮನೆಯವರೇ ಮಾಡಿದ್ದನ್ನು ಕೇಳಿ ಕೊಳ್ಳಿ.

ವಾಪಸ್ ಬರುವ ಗಾಡಿಯ ವಿಷಯ. ಕಾಖೇತಿಯಿಂದ ಟಿಬಿಲಿಸಿಗೆ ಕೊನೇ ಮಿನಿಬಸ್ಸು ಸಂಜೆಯೊಳಗೇ ಹೊರಟುಬಿಡುತ್ತದೆ, ಸುಪ್ರಾ ರಂಗೇರುವ ಹೊತ್ತು ಅದೇ. ಟಿಬಿಲಿಸಿಯಲ್ಲಿ ನಿಮಿಷದಲ್ಲಿ ಬರುವ ಆ್ಯಪ್ ಟ್ಯಾಕ್ಸಿ ಹಳ್ಳಿಯಲ್ಲಿ ಬರುವುದಿಲ್ಲ. ಬೆಳಿಗ್ಗೆ ಹೋಗುವಾಗಲೇ ಡ್ರೈವರನ್ನು ಕೊನೇ ಗಾಡಿ ಎಷ್ಟಕ್ಕೆ ಅಂತ ಕೇಳಿ, ಅವನ ನಂಬರು ತೆಗೆದುಕೊಳ್ಳಿ. ಇಲ್ಲದಿದ್ದರೆ ಅವತ್ತಿಗೆ ಅಲ್ಲೇ ರೂಮು ಮಾಡಿ.