ಇಂಗ್ಲೆಂಡಿನಲ್ಲಿ ಗ್ಯಾರೇಜ್ ಕೋರ್ಸಿನಿಂದ ಮೋಟಾರ್‌ಸ್ಪೋರ್ಟ್ ಎಂಜಿನಿಯರಿಂಗ್‌ವರೆಗೆ

ಇಲ್ಲಿನ ಕಾಲೇಜುಗಳಲ್ಲಿ ಕಾರು ರಿಪೇರಿ ಕಲಿಸುವ ಕೋರ್ಸಿಗೆ ಸಾಮಾನ್ಯವಾಗಿ ‘ಲೈಟ್ ವೆಹಿಕಲ್ ಮೇಂಟೆನೆನ್ಸ್ ಅಂಡ್ ರಿಪೇರ್’ ಎಂದು ಹೆಸರು. ಲೆವೆಲ್ 1ರಿಂದ 3ರವರೆಗೆ ಇದೆ. ಪ್ರಮಾಣಪತ್ರ ಕೊಡುವುದು ಐಎಂಐ, ಸಿಟಿ ಅಂಡ್ ಗಿಲ್ಡ್ಸ್‌ನಂಥ ಸಂಸ್ಥೆಗಳು. ಯೂನಿವರ್ಸಿಟಿಗೆ ಮೊದಲು ಓದುವ ಎ ಲೆವೆಲ್ ಕೂಡ ಲೆವೆಲ್ 3 ತಾನೇ, ಹಾಗಾದರೆ ಇದನ್ನು ಮುಗಿಸಿ ನೇರವಾಗಿ ಯೂನಿವರ್ಸಿಟಿಯ ಮೋಟಾರ್‌ಸ್ಪೋರ್ಟ್ (ರೇಸ್ ಕಾರು) ಎಂಜಿನಿಯರಿಂಗ್ ಡಿಗ್ರಿಗೆ ಹೋಗಬಹುದು ಎಂದು ಬಹಳ ಮನೆಗಳಲ್ಲಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಕೈಕೊಡುತ್ತದೆ. ಗ್ಯಾರೇಜಿನ ಲೆವೆಲ್ 3 ದೋಷ ಪತ್ತೆ ಮಾಡುವುದನ್ನು ಚೆನ್ನಾಗಿ ಕಲಿಸುತ್ತದೆ, ಆದರೆ ಕ್ಯಾಲ್ಕುಲಸ್ ಕಲಿಸುವುದಿಲ್ಲ. ಇಂಥ ಎಷ್ಟೋ ಡಿಪ್ಲೊಮಾಗಳಿಗೆ ಯೂಕಾಸ್ (ಯೂನಿವರ್ಸಿಟಿ ಪ್ರವೇಶದ ಅರ್ಜಿಗಳನ್ನು ನೋಡಿಕೊಳ್ಳುವ ಸಂಸ್ಥೆ) ಅಂಕಗಳೂ ಸಿಗುವುದಿಲ್ಲ. ಸೇರುವ ಮೊದಲೇ ಯೂಕಾಸ್‌ನ ಟ್ಯಾರಿಫ್ ಕ್ಯಾಲ್ಕುಲೇಟರಿನಲ್ಲಿ ಕೋರ್ಸಿನ ಪೂರ್ತಿ ಹೆಸರು ಹಾಕಿ ನೋಡಿ.

ಗಣಿತದ ಮೇಲೆ ಇಷ್ಟು ಒತ್ತು ಯಾಕೆ ಎಂಬುದಕ್ಕೆ ಒಂದು ಲೆಕ್ಕ. ಚಾಲಕನೂ ಸೇರಿ 700 ಕಿಲೋ ತೂಕದ ಕಾರು. ಗುರುತ್ವ ಕೇಂದ್ರ ನೆಲದಿಂದ 0.3 ಮೀಟರ್ ಎತ್ತರ, ಎಡ ಬಲ ಚಕ್ರಗಳ ನಡುವೆ 1.5 ಮೀಟರ್. ತಿರುವಿನಲ್ಲಿ ಪಕ್ಕಕ್ಕೆ 1.5 ಜಿ, ಅಂದರೆ ಗುರುತ್ವದ ಒಂದೂವರೆ ಪಟ್ಟು ಬಲ ಬಿದ್ದರೆ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ವರ್ಗವಾಗುವ ಭಾರ 700 × 9.81 × 1.5 × 0.3 ÷ 1.5, ಅಂದರೆ ಸುಮಾರು 2,060 ನ್ಯೂಟನ್. ಹತ್ತಿರ ಹತ್ತಿರ 210 ಕಿಲೋ ತೂಕ. ಇದರಲ್ಲಿ ಮುಂದಿನ ಆಕ್ಸಲ್‌ಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂಬುದು ಸ್ಪ್ರಿಂಗ್ ಮತ್ತು ಆಂಟಿ ರೋಲ್ ಬಾರ್‌ಗಳ (ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಸರಳುಗಳ) ಬಿಗಿಯ ಮೇಲೆ ನಿಂತಿದೆ. ಮುಂದೆ ಹೆಚ್ಚು ಹೋದರೆ ಕಾರು ತಿರುವಿನಲ್ಲಿ ಸಾಕಷ್ಟು ತಿರುಗದೆ ಹೊರಕ್ಕೆ ಹೋಗುತ್ತದೆ, ಹಿಂದೆ ಹೆಚ್ಚಾದರೆ ಹಿಂಬದಿ ಹೊರಕ್ಕೆ ಜಾರುತ್ತದೆ. ಯಾವ ಬಾರ್ ಬೇಕೆಂದು ಎಂಜಿನಿಯರ್ ಲೆಕ್ಕ ಹಾಕಿ ಹೇಳುತ್ತಾರೆ, ಮೆಕ್ಯಾನಿಕ್ ಅದನ್ನು ತಪ್ಪಿಲ್ಲದೆ ಕೂರಿಸುತ್ತಾರೆ. ಕೈಕೆಲಸವೇ ಇಷ್ಟ ಎನ್ನುವವರು ರೇಸ್ ಮೆಕ್ಯಾನಿಕ್ ಆಗಲಿ. ಅದಕ್ಕೆ ಡಿಗ್ರಿ ಬೇಕಿಲ್ಲ, ಅದು ಕಡಿಮೆ ಕೆಲಸವೂ ಅಲ್ಲ.

ಮಗುವಿಗೆ ಈಗ 16 ಆಗಿದ್ದು, ಎಂಜಿನಿಯರ್ ಆಗುವ ಆಸೆ ಗಟ್ಟಿಯಾಗಿದ್ದರೆ ಬಿಟೆಕ್ (BTEC, ಭಾರತದ ಬಿ.ಟೆಕ್ ಪದವಿಯಲ್ಲ) ಲೆವೆಲ್ 3 ಎಕ್ಸ್‌ಟೆಂಡೆಡ್ ಡಿಪ್ಲೊಮಾ ಇನ್ ಎಂಜಿನಿಯರಿಂಗ್ ನೋಡಿ. ಅದರಲ್ಲಿ ಡಿಎಂಎಂ (ಒಂದು ಡಿಸ್ಟಿಂಕ್ಷನ್, ಎರಡು ಮೆರಿಟ್) ಬಂದರೆ 112 ಯೂಕಾಸ್ ಅಂಕ, ಡಿಡಿಡಿ (ಮೂರು ಡಿಸ್ಟಿಂಕ್ಷನ್) ಬಂದರೆ 144. ಜೊತೆಗೆ ಎ ಲೆವೆಲ್ ಗಣಿತ ಮಾಡಲು ಕಾಲೇಜು ಒಪ್ಪಿದರೆ ಬಿಡಬೇಡಿ. ಗ್ಯಾರೇಜ್ ಕೆಲಸವೂ ಬೇಕು, ಅಂಕವೂ ಬೇಕು ಎಂದರೆ ಲೈಟ್ ಅಂಡ್ ಎಲೆಕ್ಟ್ರಿಕ್ ವೆಹಿಕಲ್ಸ್ ವಿಭಾಗವಿರುವ ಟಿ ಲೆವೆಲ್ ಎಂಬ ತಾಂತ್ರಿಕ ಕೋರ್ಸ್ ಇದೆ: ಎರಡು ವರ್ಷ, ಕನಿಷ್ಠ 315 ಗಂಟೆ ಉದ್ಯಮದಲ್ಲಿ ಕೆಲಸ, ಮೆರಿಟ್‌ಗೆ 120 ಅಂಕ. ಯಾವ ದಾರಿ ಹಿಡಿದರೂ ಜಿಸಿಎಸ್‌ಇ (16ರ ವಯಸ್ಸಿನ ಶಾಲಾ ಪರೀಕ್ಷೆ) ಗಣಿತ, ಇಂಗ್ಲಿಷ್‌ಗಳಲ್ಲಿ ಗ್ರೇಡ್ 4 ಇರಲೇಬೇಕು.

ಗ್ಯಾರೇಜ್ ಲೆವೆಲ್ 3 ಆಗಲೇ ಮುಗಿದಿದ್ದರೆ ಮೂರು ಸೇತುವೆಗಳಿವೆ. ಒಂದು, ಡಿಗ್ರಿಗೆ ಸೇರಿದ, ಪೂರ್ವಸಿದ್ಧತೆಯ ಫೌಂಡೇಶನ್ ವರ್ಷ. ಒಟ್ಟು ನಾಲ್ಕು ವರ್ಷ ಹಿಡಿಯುತ್ತದೆ, ಪ್ರವೇಶ ಸುಲಭ. ಎರಡು, ವಯಸ್ಕರಿಗಾಗಿ ಇರುವ ಆಕ್ಸೆಸ್ ಟು ಹೈಯರ್ ಎಜುಕೇಶನ್ ಡಿಪ್ಲೊಮಾ. 60 ಕ್ರೆಡಿಟ್, ಅದರಲ್ಲಿ 45ಕ್ಕೆ ಗ್ರೇಡ್ ಕೊಡುತ್ತಾರೆ. ಅಡ್ವಾನ್ಸ್‌ಡ್ ಲರ್ನರ್ ಲೋನ್ ತೆಗೆದು ಇದನ್ನು ಓದಿ, ಮುಂದೆ ಅರ್ಹ ಡಿಗ್ರಿ ಮುಗಿಸಿದರೆ ಆಕ್ಸೆಸ್ ಕೋರ್ಸಿನ ಉಳಿದ ಸಾಲ ಮನ್ನಾ ಆಗುತ್ತದೆ. ಇದು ತಿಳಿಯದೆ ಸಾಲಕ್ಕೆ ಹೆದರಿ ಬಿಟ್ಟವರಿದ್ದಾರೆ. ಮೂರನೆಯದು ಎಚ್‌ಎನ್‌ಸಿ (ಹೈಯರ್ ನ್ಯಾಷನಲ್ ಸರ್ಟಿಫಿಕೇಟ್), ಆಮೇಲೆ ಎಚ್‌ಎನ್‌ಡಿ (ಹೈಯರ್ ನ್ಯಾಷನಲ್ ಡಿಪ್ಲೊಮಾ). ಕೆಲಸ ಮಾಡುತ್ತಲೇ ಅರೆಕಾಲಿಕವಾಗಿ ಓದಬಹುದು ಎಂಬ ಕಾರಣಕ್ಕೆ ಟೆಕ್ನಿಷಿಯನ್‌ಗಳಿಗೆ ನಾವು ಮೊದಲು ಹೇಳುವುದು ಇದನ್ನೇ. ಎಚ್‌ಎನ್‌ಡಿ ನಂತರ ಡಿಗ್ರಿಯ ಕೊನೆಯ ವರ್ಷಕ್ಕೆ ಸೇರಬಹುದು ಎನ್ನುತ್ತಾರೆ. ಆದರೆ ಎಚ್‌ಎನ್‌ಡಿಯಲ್ಲಿ ಗಣಿತ ತೆಳುವಾಗಿದ್ದರೆ ಯೂನಿವರ್ಸಿಟಿ ಎರಡನೇ ವರ್ಷಕ್ಕೇ ಕೂರಿಸಬಹುದು. ‘ಎಂಜಿನಿಯರಿಂಗ್ ಮ್ಯಾಥ್ಸ್’ ಜೊತೆಗೆ ‘ಫರ್ದರ್ ಮ್ಯಾಥಮ್ಯಾಟಿಕ್ಸ್’ ಘಟಕವೂ ಇದೆಯೇ ಎಂದು ಕೇಳಿಯೇ ಫೀಸು ಕಟ್ಟಿ.

ಫೀಸಿನ ವಿಷಯದಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ. 2025–26ಕ್ಕೆ ಇಂಗ್ಲೆಂಡಿನಲ್ಲಿ ಹೋಮ್ ಫೀಸಿನ (ಇಲ್ಲಿನವರೆಂದು ಪರಿಗಣಿಸಿದವರ ಫೀಸಿನ) ವಾರ್ಷಿಕ ಮಿತಿ 9,535 ಪೌಂಡ್. ವಿದೇಶಿ ವಿದ್ಯಾರ್ಥಿಗಳ ಫೀಸಿಗೆ ಅಂಥ ಮಿತಿಯಿಲ್ಲ. ಹೋಮ್ ಫೀಸಿಗೆ ಸಾಮಾನ್ಯ ನಿಯಮ ಎರಡು: ಕೋರ್ಸಿನ ಮೊದಲ ಶೈಕ್ಷಣಿಕ ವರ್ಷದ ಮೊದಲ ದಿನಕ್ಕೆ ಐಎಲ್‌ಆರ್‌ನಂಥ (ಇಂಡೆಫಿನಿಟ್ ಲೀವ್ ಟು ರಿಮೇನ್) ಕಾಯಂ ಸ್ಥಾನಮಾನ, ಅದಕ್ಕೂ ಹಿಂದಿನ ಮೂರು ವರ್ಷ ಇಲ್ಲೇ ವಾಸ. ಅಪ್ಪ ಅಮ್ಮ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ತೆರಿಗೆ ಕಟ್ಟುತ್ತಿರುವುದಷ್ಟೇ ಸಾಲದು. ಚಿಕ್ಕಂದಿನಲ್ಲೇ ಬಂದ ಮಕ್ಕಳಿಗೆ ದೀರ್ಘ ವಾಸದ ನಿಯಮ ಪ್ರತ್ಯೇಕವಾಗಿದೆ: 18ರೊಳಗಿನವರು ಏಳು ವರ್ಷ, 18 ದಾಟಿದವರು ಅರ್ಧ ಆಯುಷ್ಯ ಅಥವಾ 20 ವರ್ಷ ಇಲ್ಲಿ ಬಾಳಿರಬೇಕು.

ಆಕ್ಸ್‌ಫರ್ಡ್ ಬ್ರೂಕ್ಸ್, ಕವೆಂಟ್ರಿ ಯೂನಿವರ್ಸಿಟಿಗಳ ಮೋಟಾರ್‌ಸ್ಪೋರ್ಟ್ ಕೋರ್ಸುಗಳು, ಸ್ನಾತಕೋತ್ತರಕ್ಕೆ ಕ್ರ್ಯಾನ್‌ಫೀಲ್ಡ್ ಹೆಸರಾದವು. ಬ್ರ್ಯಾಕ್ಲಿ, ಮಿಲ್ಟನ್ ಕೀನ್ಸ್, ಸಿಲ್ವರ್‌ಸ್ಟೋನ್, ಎನ್‌ಸ್ಟೋನ್‌ಗಳಲ್ಲಿರುವ ಫಾರ್ಮುಲಾ 1 ಕಾರ್ಖಾನೆಗಳು ಈ ಮೂರಕ್ಕೂ ದೂರವಲ್ಲ. ಆದರೆ ಊರಿಗಿಂತ ಮುಖ್ಯ, ಅಲ್ಲಿನ ಫಾರ್ಮುಲಾ ಸ್ಟೂಡೆಂಟ್ ತಂಡ. ವಿದ್ಯಾರ್ಥಿಗಳೇ ಕಟ್ಟಿದ ಕಾರುಗಳು ಜುಲೈನಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಓಡುತ್ತವೆ. ಸುಮಾರು 22 ಕಿ.ಮೀ. ಎಂಡ್ಯೂರೆನ್ಸ್ ಓಟದಲ್ಲಿ ಸೋರಿಕೆ, ವೈರಿಂಗ್, ಸಡಿಲ ಬೋಲ್ಟುಗಳಿಂದ ಎಷ್ಟೋ ಕಾರುಗಳು ಅರ್ಧದಲ್ಲೇ ನಿಲ್ಲುತ್ತವೆ. ಗ್ಯಾರೇಜಿನಲ್ಲಿ ಪಳಗಿದವರ ಬೆಲೆ ಆಗ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಸ್ಟೀರಿಂಗ್, ಬ್ರೇಕ್, ಸಸ್ಪೆನ್ಷನ್ ಬೋಲ್ಟುಗಳಿಗೆ ಥ್ರೆಡ್‌ಲಾಕ್ ಅಂಟನ್ನಾಗಲಿ ಸ್ಪ್ರಿಂಗ್ ವಾಷರನ್ನಾಗಲಿ ನಂಬಿ ಹೋದರೆ ತಪಾಸಣೆಯಲ್ಲೇ ತಡೆಯುತ್ತಾರೆ. ಸೇಫ್ಟಿ ವೈರ್, ಕಾಟರ್ ಪಿನ್ ಅಥವಾ ಲಾಕ್ ನಟ್ಟು ಬೇಕು. ಲಾಕ್ ನಟ್ಟಿನಾಚೆ ಕನಿಷ್ಠ ಎರಡು ಪೂರ್ತಿ ಥ್ರೆಡ್ ಕಾಣಬೇಕು.

ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೆ ಇನ್ನೊಂದು ಮಾತು. ವಾರಾಂತ್ಯದ ರೇಸುಗಳಿಗೆ ತಂಡಗಳು ಮೆಕ್ಯಾನಿಕ್‌ಗಳನ್ನು ಹೆಚ್ಚಾಗಿ ಸ್ವಉದ್ಯೋಗಿಗಳೆಂದೇ ಕರೆಯುತ್ತವೆ. ನಿಮ್ಮ ವೀಸಾದಲ್ಲಿ ಸ್ವಉದ್ಯೋಗಕ್ಕೆ ಅವಕಾಶವಿಲ್ಲ. ಡಿಗ್ರಿ ವಿದ್ಯಾರ್ಥಿಗೆ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ, ಅದಕ್ಕಿಂತ ಕೆಳಗಿನ ಕೋರ್ಸಿಗೆ 10 ಗಂಟೆ. ಸಂಬಳವಿಲ್ಲದೆ ಮಾಡಿದ ಕೆಲಸವೂ ಈ ಗಂಟೆಗಳಲ್ಲೇ ಎಣಿಕೆಯಾಗುತ್ತದೆ. ಅಪ್ರೆಂಟಿಸ್‌ಶಿಪ್ಪಿಗೂ ಈ ವೀಸಾ ನಡೆಯುವುದಿಲ್ಲ. ತಂಡದವರು ಕರೆದರೆ, ಪೇರೋಲ್‌ನಲ್ಲಿ (ಸಂಬಳದ ನೌಕರರಾಗಿ) ಸೇರಿಸುತ್ತೀರಾ ಎಂದು ಮೊದಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ.