ಹಳೇ ಚೈನ್ ಸಾ ಸಿಕ್ಕಿತಾ? ಮೇಲಿನ ಸ್ಟಿಕ್ಕರ್ ನಂಬಬೇಡಿ, ಅಳತೆ ಹಿಡಿಯಿರಿ

ತೋಟದ ಮನೆಯ ಗೋದಾಮಿನಲ್ಲೋ ಗುಜರಿ ಅಂಗಡಿಯಲ್ಲೋ ಸ್ಟಿಲ್ (Stihl) ಕಂಪನಿಯ ಮರ ಕೊಯ್ಯುವ ಹಳೇ ಮಿಷನ್ನು ಸಿಕ್ಕರೆ ಮೊದಲು ಕಣ್ಣಿಗೆ ಬೀಳುವುದು ಮೇಲಿನ ನಂಬರು. 070 ಅಂತ ಮಾಡೆಲ್ ಹೆಸರು ಇರುತ್ತದೆ. ಆದರೆ ಆ ಮೇಲ್ಮುಚ್ಚಳ ಬೇರೆ ಮಿಷನ್ನಿಂದ ಬಂದಿರಬಹುದು. ವರ್ಷಗಟ್ಟಲೆ ಮರ ಕೊಯ್ದ ಮಿಷನ್ನಿಗೆ ಒಮ್ಮೆ ಸಿಲಿಂಡರ್, ಇನ್ನೊಮ್ಮೆ ಫ್ಲೈವೀಲ್, ಆಮೇಲೆ ಸ್ಟಾರ್ಟರ್ ಅಂತ ಸಿಕ್ಕ ಕಡೆಯಿಂದ ತಂದು ಹಾಕಿ ಓಡಿಸಿರುತ್ತಾರೆ. ಆವತ್ತಿನ ಕೆಲಸ ಆವತ್ತೇ ಆಗಬೇಕಿತ್ತಲ್ವಾ, ಅದರಲ್ಲಿ ತಪ್ಪೇನಿಲ್ಲ. ನನ್ನ ಪ್ರಕಾರ ಎಲ್ಲಾ ಪಾರ್ಟು ಒರಿಜಿನಲ್ ಆಗಿರಬೇಕು ಅಂತೇನೂ ಇಲ್ಲ. ಒಂದಕ್ಕೊಂದು ಹೊಂದಿದರೆ ಸಾಕು. ಆದರೆ ಹೊಂದಲೇಬೇಕು.

ಹಗ್ಗ ಎಳೆಯಬೇಡಿ

ಸಿಕ್ಕ ಕೂಡಲೇ ಪೆಟ್ರೋಲ್ ಹಾಕಿ ಹಗ್ಗ ಎಳೆಯುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ತಡೆಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಮೇಲೆ ಸೈಲೆನ್ಸರ್ ಬಿಚ್ಚಿ, ಹೊಗೆ ಹೋಗುವ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಪಿಸ್ಟನ್ ನುಣ್ಣಗಿದ್ದರೆ ಒಳ್ಳೆಯದು. ಉಗುರಿಗೆ ಸಿಗುವಷ್ಟು ಆಳದ ಉದ್ದುದ್ದ ಗೀರುಗಳಿದ್ದರೆ ಅದು ಒಮ್ಮೆ ಹಿಡಿದುಕೊಂಡ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತ ಇಂಜಿನ್ನು. ಹಾಗೇ ಓಡಿಸಿದರೆ ಉಳಿದದ್ದೂ ಹಾಳಾಗುತ್ತದೆ.

ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಒಂದು ರಟ್ಟಿಗೆ ತೂತು ಮಾಡಿ, ಬಿಚ್ಚಿದ ಸ್ಕ್ರೂಗಳನ್ನು ಅದೇ ಜಾಗದ ಲೆಕ್ಕದಲ್ಲಿ ಸಿಕ್ಕಿಸಿ. ಯಾರೋ ಹಿಂದೆ ಉದ್ದದ ಸ್ಕ್ರೂ ಜಾಗಕ್ಕೆ ಗಿಡ್ಡದ್ದು ಹಾಕಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಲೋಹದ ಮೇಲಿನ ನಂಬರು

ಈಗ ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂರಿ. ವೈರ್ ಬ್ರಷ್ ಬೇಡ, ಅದು ಅಕ್ಷರವನ್ನೇ ಉಜ್ಜಿ ತೆಗೆಯುತ್ತದೆ. ಸ್ಟಿಲ್ ಪಾರ್ಟ್ ನಂಬರಿನಲ್ಲಿ 11 ಅಂಕಿಗಳಿರುತ್ತವೆ. ಮೊದಲ ನಾಲ್ಕು ಅಂಕಿ ಆ ಪಾರ್ಟು ಯಾವ ಕುಟುಂಬದ್ದು ಅಂತ ಹೇಳುತ್ತದೆ. 1106 ಇದ್ದರೆ 070 ಮತ್ತು 090. 1108 ಇದ್ದರೆ 08 ಎಸ್. 1110 ಇದ್ದರೆ 041. 1111 ಇದ್ದರೆ 051, 075, 076, ಜೊತೆಗೆ ಕಲ್ಲು-ಕಾಂಕ್ರೀಟ್ ಕೊಯ್ಯುವ ಟಿಎಸ್ 510 ಮತ್ತು 760. ಆದರೆ ನೆನಪಿಡಿ, ಆ ನಂಬರು ಹೇಳುವುದು ಆ ಒಂದು ಪಾರ್ಟಿನ ಊರನ್ನು ಮಾತ್ರ, ಇಡೀ ಮಿಷನ್ನಿನದ್ದಲ್ಲ. ಮಿಷನ್ ಯಾವುದು ಅಂತ ಕ್ರ್ಯಾಂಕ್‌ಕೇಸ್ (ಸಿಲಿಂಡರ್ ಕೂರುವ ಕೆಳಗಿನ ಲೋಹದ ಗೂಡು) ನೋಡಿ ನಿರ್ಧರಿಸಿ. ಉಳಿದದ್ದೆಲ್ಲ ಅದಕ್ಕೆ ಬಂದು ಸೇರಿದ್ದು.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. 070 ಮತ್ತು 090 ಎರಡರ ಸ್ಟ್ರೋಕೂ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 40 ಮಿ.ಮೀ. ಒಂದರ ಸಿಲಿಂಡರ್ ಇನ್ನೊಂದರ ಕ್ರ್ಯಾಂಕ್‌ಕೇಸಿಗೆ ಕೂರುತ್ತದೆ. ಹಾಗಾಗಿ ಹೊರಗಿನಿಂದ 070, ಒಳಗಿನಿಂದ 090 ಆಗಿರುವ ಮಿಷನ್ನುಗಳು ಇವೆ. ಸಿಲಿಂಡರ್ ತೆಗೆದು ವರ್ನಿಯರ್ ಅಳತೆಪಟ್ಟಿ ಇಡಿ. ಒಳಗಿನ ವ್ಯಾಸ 58 ಮಿ.ಮೀ. ಬಂದರೆ 070, ಅಂದರೆ ಸುಮಾರು 106 ಸಿಸಿ. 66 ಮಿ.ಮೀ. ಬಂದರೆ 090, ಸುಮಾರು 137 ಸಿಸಿ. ಪಿಸ್ಟನ್ನು ರಿಂಗು ತರಿಸುವ ಮೊದಲು ಈ ಒಂದು ಅಳತೆ ತೆಗೆದುಕೊಂಡರೆ ದುಡ್ಡೂ ಉಳಿಯುತ್ತದೆ, ಹದಿನೈದು ದಿನ ಕಾಯುವುದೂ ತಪ್ಪುತ್ತದೆ.

ಬೆಂಕಿ ಕಿಡಿಯ ಕಡೆಗೂ ನೋಡಿ. ಹಳೆಯವುಗಳಲ್ಲಿ ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಕೊಡುವ ಸಣ್ಣ ಸ್ವಿಚ್ಚು), ಆಮೇಲಿನವುಗಳಲ್ಲಿ ಎಲೆಕ್ಟ್ರಾನಿಕ್. ಒಂದರ ಫ್ಲೈವೀಲ್ ಇನ್ನೊಂದರ ಕಾಯಿಲ್ ಜೊತೆ ಸೇರಿದರೆ ಕಿಡಿ ಬರುವುದಿಲ್ಲ, ಬಂದರೂ ತಪ್ಪು ಹೊತ್ತಿಗೆ ಬರುತ್ತದೆ. ಫ್ಲೈವೀಲ್ ಜಾರದಂತೆ ಹಿಡಿಯುವ ಕೀ ಅರ್ಧ ಕತ್ತರಿಸಿದ್ದರೂ ಇದೇ ತೊಂದರೆ. ಪಾಯಿಂಟ್ ಇದ್ದರೆ ಸಂದು 0.35ರಿಂದ 0.4 ಮಿ.ಮೀ. ಇಡಿ.

ಬಾರು, ಚೈನು, ಸ್ಪ್ರಾಕೆಟ್ಟು

ಬಾರು ಅಂದರೆ ಚೈನು ಸುತ್ತುವ ಉದ್ದ ಪಟ್ಟಿ, ಸ್ಪ್ರಾಕೆಟ್ಟು ಅಂದರೆ ಚೈನನ್ನು ಎಳೆಯುವ ಹಲ್ಲಿನ ಚಕ್ರ. ಈ ಮೂರೂ ಒಂದೇ ಅಳತೆಯದ್ದಾಗಿರಬೇಕು. ನನ್ನ ಮಿಷನ್ನಿಗೆ ಅಂಗಡಿಯವರು ಕೊಟ್ಟ ಚೈನು ಬಾರಿನ ಮೇಲೆ ಸಲೀಸಾಗಿ ಕೂತಿತ್ತು, ಕೈಯಲ್ಲಿ ಎಳೆದರೆ ಓಡುತ್ತಲೂ ಇತ್ತು, ಆದರೆ ಸ್ಪ್ರಾಕೆಟ್ .404 ಇಂಚು ಪಿಚ್ಚಿನದು (ಪಿಚ್ ಅಂದರೆ ಕೊಂಡಿಗಳ ಅಂತರದ ಅಳತೆ), ಚೈನು 3/8 ಇಂಚಿನದು. ಒಂದು ದಿಮ್ಮಿ ಮುಗಿಯುವಷ್ಟರಲ್ಲಿ ಸ್ಪ್ರಾಕೆಟ್ಟಿನ ಹಲ್ಲೂ ಹೋಯಿತು, ಚೈನಿನ ಕೆಳಗಿನ ಕೊಂಡಿಗಳೂ ಹೋದವು. ಅವತ್ತು ಚೈನು ತುಂಡಾಗಿ ಕೈಗೆ ಬಡಿಯಲಿಲ್ಲ ಅನ್ನುವುದೇ ದೊಡ್ಡದು.

ಪಿಚ್ ಅಳೆಯುವುದು ಸುಲಭ. ಸಾಲಾಗಿ ಮೂರು ರಿವೆಟ್ ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆದು, ಅರ್ಧ ಮಾಡಿ. ಮೂರು ರಿವೆಟ್ಟಿನ ಅಂತರ 20.5 ಮಿ.ಮೀ. ಆಸುಪಾಸು ಇದ್ದರೆ .404, 19ರ ಹತ್ತಿರ ಇದ್ದರೆ 3/8. ಬಾರಿನ ಗಾಡಿಯ (ಚೈನು ಕೂರುವ ಸೀಳಿನ) ಅಗಲ ಬೇರೆ ಲೆಕ್ಕ: 1.3, 1.5, 1.6 ಮಿ.ಮೀ. ಅಂತ ಬರುತ್ತದೆ. ತೆಳು ಚೈನನ್ನು ಅಗಲ ಗಾಡಿಗೆ ಹಾಕಿದರೆ ಅದು ವಾಲಿಕೊಂಡು ಕೊಯ್ಯುತ್ತದೆ, ಮರ ನೇರ ಬರುವುದಿಲ್ಲ.

ರಬ್ಬರ್ ಎಲ್ಲಾ ಹೊಸದು

ಇದರಲ್ಲಿ ಮಾತ್ರ ಚೌಕಾಸಿ ಬೇಡ. ಕ್ರ್ಯಾಂಕ್ ಸೀಲು, ಕಾರ್ಬ್ಯುರೇಟರ್ ಡಯಾಫ್ರಾಮು, ಪೆಟ್ರೋಲ್ ಪೈಪು ಎಲ್ಲವನ್ನೂ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಹಳೇ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಸೀಲಿನಲ್ಲಿ ಗಾಳಿ ಎಳೆದುಕೊಂಡರೆ ಇಂಜಿನ್ನಿಗೆ ಪೆಟ್ರೋಲ್ ಕಮ್ಮಿ ಹೋಗುತ್ತದೆ, ಟು ಸ್ಟ್ರೋಕಿನಲ್ಲಿ ಆಯಿಲ್ ಹೋಗುವುದೂ ಅದರ ಜೊತೆಗೇ, ಹಾಗಾಗಿ ಹೊಸ ಪಿಸ್ಟನ್ ಕೂಡ ಸ್ವಲ್ಪ ಹೊತ್ತಿಗೇ ಹಿಡಿದುಕೊಳ್ಳುತ್ತದೆ. ಜೋಡಿಸಿದ ಮೇಲೆ ಕಾರ್ಬ್ಯುರೇಟರ್ ಕಡೆಯ ಮತ್ತು ಹೊಗೆ ಹೋಗುವ ಎರಡೂ ತೂತುಗಳಿಗೆ ರಬ್ಬರ್ ಶೀಟು ಬಿಗಿದು, ಕೈಪಂಪಿನಿಂದ 0.5 ಬಾರ್ ಒತ್ತಡದ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದ ಕಡೆ ಸೋರುತ್ತಿದೆ ಅಂತ ಅರ್ಥ.

ಮೊದಲ ಓಟಕ್ಕೆ ಒಂದು ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಟು ಸ್ಟ್ರೋಕ್ ಆಯಿಲ್, ಅಂದರೆ 25ಕ್ಕೆ 1. ಕಾರ್ಬ್ಯುರೇಟರಿನ ಎಚ್ (ವೇಗದ ಓಟದ್ದು) ಮತ್ತು ಎಲ್ (ನಿಧಾನದ ಓಟದ್ದು) ಎರಡೂ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೊಂದು ಸುತ್ತು ಹೊರಗೆ ತನ್ನಿ. ಸ್ಟಾರ್ಟ್ ಆದ ಮೇಲೆ ಕಿವಿ ಕೊಟ್ಟು ಸರಿಮಾಡಿ. ಪೂರ್ತಿ ರೇಸ್ ಮಾಡಿದಾಗ ಸದ್ದು ಸ್ವಲ್ಪ ಗುಡುಗುಡು ಅನ್ನುತ್ತಿರಲಿ. ಕೀರಲು ಸದ್ದು ಬಂದರೆ ಎಚ್ ಸ್ವಲ್ಪ ಬಿಚ್ಚಿ.

070ರಂಥ ಹಳೇ ಮಿಷನ್ನುಗಳಲ್ಲಿ ಸಾಮಾನ್ಯವಾಗಿ ಚೈನ್ ಬ್ರೇಕ್ ಇರುವುದಿಲ್ಲ, ನಡುಕ ತಡೆಯುವ ರಬ್ಬರೂ ಇರುವುದಿಲ್ಲ. ಬಾರಿನ ತುದಿ ಮರಕ್ಕೆ ತಾಗಿದರೆ ಮುಖದ ಕಡೆ ಹಾರುತ್ತದೆ. ಮರ ಹತ್ತಿ ಕೊಂಬೆ ಕಡಿಯಲು ಇದನ್ನು ಕೊಡಲೇಬೇಡಿ. ನೆಲದ ಮೇಲಿನ ದಿಮ್ಮಿಗೆ ಮಾತ್ರ, ಅದೂ ಹೆಲ್ಮೆಟ್ಟು ಕಿವಿಮುಚ್ಚಳ ಹಾಕಿಕೊಂಡು.

ಕೊನೆಗೆ ಒಂದು ಚೀಟಿ ಬರೆಯಿರಿ: ಒಳಗಿನ ವ್ಯಾಸ, ಪಿಚ್ಚು, ಗಾಡಿಯ ಅಗಲ, ಪಾಯಿಂಟೋ ಎಲೆಕ್ಟ್ರಾನಿಕ್ಕೋ, ಯಾವ ಪಾರ್ಟು ಯಾವ ಕುಟುಂಬದ್ದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೂಲ್ ಡಬ್ಬಿಯಲ್ಲಿಡಿ. ಮುಂದೆ ಈ ಮಿಷನ್ ಬಿಚ್ಚುವವರು ಮೊದಲು ಅದನ್ನೇ ಹುಡುಕುತ್ತಾರೆ.